ಮನೆಯ ಅಂಗಳದಲ್ಲೇ ಮೋಟರ್‌ಹೋಮಿನ ಬ್ಲ್ಯಾಕ್ ಟ್ಯಾಂಕ್ ಖಾಲಿ ಮಾಡಲು ಮೆಸರೇಟರ್ ಪಂಪ್: ಬಳಸಿದವರ ಸಲಹೆ ಬೇಕು

ಹಾಸನದ ಅಲೆಮಾರಿ (ಸಿಯಾಟಲ್ ಸಮೀಪ, ವಾಷಿಂಗ್ಟನ್):

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಮಲಗಲು, ಅಡುಗೆ ಮಾಡಲು, ಶೌಚಕ್ಕೆ ಎಲ್ಲ ಅನುಕೂಲವಿರುವ, 28 ಅಡಿ ಉದ್ದದ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಒಂದನ್ನು ಕೊಂಡೆವು. ನಾವಿಬ್ಬರು, ಇಬ್ಬರು ಮಕ್ಕಳು, ಬೇಸಿಗೆಯಲ್ಲಿ ಊರಿನಿಂದ ಬರುವ ಅತ್ತೆ ಮಾವ, ಹೀಗೆ ಆರು ಜನ ಅದರಲ್ಲಿ ಓಡಾಡುತ್ತೇವೆ. ಆರು ಜನ ಎಂದ ಮೇಲೆ 40 ಗ್ಯಾಲನ್‌ನ, ಅಂದರೆ ಸುಮಾರು 150 ಲೀಟರ್‌ನ ಬ್ಲ್ಯಾಕ್ ಟ್ಯಾಂಕ್ (ಶೌಚಾಲಯದ ಕೊಳಚೆ ಸೇರುವ ಟ್ಯಾಂಕ್) ಮೂರು ನಾಲ್ಕು ದಿನಕ್ಕೇ ತುಂಬಿಕೊಳ್ಳುತ್ತದೆ.

ಪ್ರವಾಸ ಮುಗಿಸಿ ಬರುವಾಗ ಡಂಪ್ ಸ್ಟೇಷನ್ನಿನಲ್ಲಿ (ಇಂತಹ ಗಾಡಿಗಳ ಕೊಳಚೆ ಸುರಿಯುವ ಜಾಗದಲ್ಲಿ) ಟ್ಯಾಂಕ್ ಖಾಲಿ ಮಾಡಿಕೊಂಡೇ ಬರಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಆದರೆ ಭಾನುವಾರ ಸಂಜೆ ಅಲ್ಲಿ ಏಳೆಂಟು ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ, ಹಿಂದೆ ಮಕ್ಕಳು ಹಸಿವೆಂದು ರಾಗ ತೆಗೆದಿರುತ್ತಾರೆ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವುದಿರುತ್ತದೆ. ಹೀಗಾಗಿ ಎರಡು ಸಲ ತುಂಬಿದ ಟ್ಯಾಂಕನ್ನು ಹೊತ್ತುಕೊಂಡೇ ಮನೆಗೆ ಬಂದೆವು. ಜುಲೈ ಬಿಸಿಲಿನಲ್ಲಿ ಒಂದು ವಾರ ನಿಂತಿದ್ದ ಆ ಗಾಡಿಯ ಬಾಗಿಲು ತೆರೆದಾಗ ಬಂದ ವಾಸನೆಯ ವರ್ಣನೆ ಇಲ್ಲಿ ಬೇಡ.

ಈಗ ನನ್ನ ಯೋಜನೆ ಇಷ್ಟು. ಮನೆಯ ಪಕ್ಕದಲ್ಲಿ ನಾವು ಗಾಡಿ ನಿಲ್ಲಿಸುವ ಜಾಗ ತಗ್ಗಿನಲ್ಲಿದೆ. ಅಲ್ಲಿಂದ ಸುಮಾರು 60 ಅಡಿ ದೂರದಲ್ಲಿ, 4 ಅಡಿ ಎತ್ತರದಲ್ಲಿ, ಹಿತ್ತಲಿನ ಹುಲ್ಲಿನ ನಡುವೆ ಮುಚ್ಚಳವಿರುವ ಬಿಳಿಯ ಪಿವಿಸಿ ಪೈಪೊಂದು ನೆಲದಿಂದ ಮೇಲಕ್ಕೆ ಚಾಚಿಕೊಂಡಿದೆ. ಅದು ಮನೆಯ ಕೊಳಚೆ ಪೈಪಿನ ಕ್ಲೀನ್‌ಔಟ್ (ಪೈಪ್ ಕಟ್ಟಿಕೊಂಡಾಗ ತೆರೆದು ಶುಚಿ ಮಾಡುವ ಬಾಯಿ) ಎಂದು ಭಾವಿಸಿದ್ದೇನೆ. 3 ಅಂಗುಲದ ಮಾಮೂಲಿ ಸೀವರ್ ಹೋಸ್ ಇಳಿಜಾರಿದ್ದರೆ ಮಾತ್ರ ಕೆಲಸ ಮಾಡುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಆದ್ದರಿಂದ ಗಾಡಿಯ ಹೊರಪೈಪಿಗೆ ಜೋಡಿಸುವ 12 ವೋಲ್ಟಿನ ಮೆಸರೇಟರ್ ಪಂಪ್ (ಕೊಳಚೆಯನ್ನು ರುಬ್ಬಿ ತಳ್ಳುವ ಪಂಪ್) ಒಂದನ್ನು ಕೊಂಡು, ಗಿಡಕ್ಕೆ ನೀರು ಹಾಯಿಸುವಂತಹ ಪೈಪಿನ ಮೂಲಕ ಅಲ್ಲಿಗೆ ತಳ್ಳಿಸಬಹುದೇ? ಇಷ್ಟು ದೂರ, ಇಷ್ಟು ಏರು ಅದಕ್ಕೆ ಸಾಧ್ಯವೇ? ಗಾಡಿಯ ಬ್ಯಾಟರಿ ಸಾಕಾಗುತ್ತದೆಯೇ? ಈ ಪಂಪುಗಳು ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತವೆ ಎಂದು ಕ್ಯಾಂಪಿನಲ್ಲಿ ಒಬ್ಬರು ಹೇಳಿದರು, ಅದು ನಿಜವೇ? ಬಳಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಯಲುಸೀಮೆ (ಟೆಕ್ಸಾಸ್):

ಒಂಬತ್ತು ವರ್ಷಗಳಿಂದ ಮೋಟರ್‌ಹೋಮ್ ಓಡಿಸುತ್ತಿದ್ದೇನೆ, ಅದರಲ್ಲಿ ಆರು ವರ್ಷ ಈ ಪಂಪನ್ನು ಬಳಸಿದ್ದೇನೆ. 4 ಅಡಿ ಏರು ಇದಕ್ಕೆ ಲೆಕ್ಕಕ್ಕೇ ಇಲ್ಲ. ಕಟ್ಟಿಕೊಳ್ಳುವ ವಿಚಾರದಲ್ಲಿ ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ, ಆದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಪಂಪಿನದಲ್ಲ.

ಊಟದ ಹೊತ್ತಿನಲ್ಲಿ ಇದನ್ನು ಓದುತ್ತಿರುವವರು ಕ್ಷಮಿಸಬೇಕು. ಪಂಪಿನ ಬಾಯಿಯ ಕಡೆಗೆ ಮಿಕ್ಸಿ ಜಾರಿನಲ್ಲಿರುವಂತಹ ಸ್ಟೀಲ್ ಬ್ಲೇಡುಗಳಿರುತ್ತವೆ; ಅದೇ ಶಾಫ್ಟಿನ ಮೇಲೆ, ಅವುಗಳ ಹಿಂದೆ, ಮೆತ್ತನೆಯ ರಬ್ಬರ್ ರೆಕ್ಕೆಗಳ ಇಂಪೆಲ್ಲರ್ ಕುಳಿತಿರುತ್ತದೆ. ಬ್ಲೇಡುಗಳು ಮಲವನ್ನೂ ಕಾಗದವನ್ನೂ ಸುಮಾರು 3 ಮಿಲಿಮೀಟರ್‌ನಷ್ಟು ಸಣ್ಣ ಚೂರುಗಳಾಗಿ ಕತ್ತರಿಸಿ ತೆಳು ಗಂಜಿಯಂತೆ ಮಾಡುತ್ತವೆ, ಇಂಪೆಲ್ಲರ್ ಆ ಗಂಜಿಯನ್ನು ಸಣ್ಣ ಪೈಪಿನೊಳಕ್ಕೆ ತಳ್ಳುತ್ತದೆ. ದೋಣಿಗಳ ಶೌಚಾಲಯದ ಟ್ಯಾಂಕುಗಳಿಗೂ ಇದೇ ಬಗೆಯ ಪಂಪ್ ಬಳಕೆಯಲ್ಲಿದೆ. ಟ್ಯಾಂಕಿನಿಂದ ಬರುವ ದ್ರವವೇ ಆ ರಬ್ಬರಿಗೆ ಎಣ್ಣೆಯಿದ್ದಂತೆ, ಆದ್ದರಿಂದ ಒಣಗಿದ ಪಂಪನ್ನು ಓಡಲು ಬಿಟ್ಟರೆ ಇಂಪೆಲ್ಲರ್ ಒಂದು ನಿಮಿಷದೊಳಗೇ ಸುಟ್ಟು ಹರಿದು ಹೋಗಬಹುದು. ನನ್ನ ಮೊದಲನೆಯದು ಹೋದದ್ದು ಹಾಗೆಯೇ: ಸ್ವಿಚ್ ಹಾಕಿ, ಪಕ್ಕದ ಗಾಡಿಯವರು ಕರೆದರೆಂದು ಮಾತಿಗೆ ನಿಂತೆ.

ಈಗ ನಾನು ಕಿವಿಯಿಂದಲೇ ಪಂಪ್ ನಡೆಸುತ್ತೇನೆ. ತುಂಬಿದ ಟ್ಯಾಂಕಿನಿಂದ ಎಳೆಯುವಾಗ ಅದರ ಸದ್ದು ತಗ್ಗಿದ್ದಾಗಿ, ಭಾರವಾಗಿ ಇರುತ್ತದೆ. ಕೈಯಲ್ಲಿ ಹಿಡಿದ ಪೈಪು ಗಟ್ಟಿಯಾಗಿ ಸಣ್ಣಗೆ ನಡುಗುತ್ತದೆ. ಟ್ಯಾಂಕಿನ ತಳ ಬರುತ್ತಿದ್ದಂತೆ ಸದ್ದು ಒಮ್ಮೆಲೇ ಕೀರಲಾಗುತ್ತದೆ, ಪೈಪು ಸಡಿಲವಾಗುತ್ತದೆ. ಆ ಕ್ಷಣವೇ ಸ್ವಿಚ್ ಆರಿಸಬೇಕು. ಇದರ ಜೊತೆಗೆ ಗಾಡಿಯ ಹೊರಪೈಪಿಗೂ ಪಂಪಿಗೂ ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಎಲ್ಬೋ (ಬಾಗಿದ ಪೈಪಿನ ತುಂಡು) ಜೋಡಿಸಿಕೊಂಡರೆ ಒಳಗೆ ಏನು ಹರಿಯುತ್ತಿದೆ ಎಂಬುದು ಕಣ್ಣಿಗೂ ಕಾಣುತ್ತದೆ. ಬೆಲೆ ಅಲ್ಪ, ಉಪಯೋಗ ದೊಡ್ಡದು.

ಕೆಲಸದ ಕ್ರಮವನ್ನು ತಪ್ಪಿಸಬೇಡಿ. ಮೊದಲು ಪಂಪನ್ನೂ ಪೈಪನ್ನೂ ಜೋಡಿಸಿ, ಪೈಪಿನ ದೂರದ ತುದಿಯನ್ನು ಅಲುಗಾಡದಂತೆ ಭದ್ರಪಡಿಸಿ, ಆಮೇಲೆ ಬ್ಲ್ಯಾಕ್ ಟ್ಯಾಂಕಿನ ಗೇಟ್ ವಾಲ್ವ್ ಎಳೆದು ಪಂಪಿನ ಬಾಯಿ ತುಂಬಲು ಬಿಟ್ಟು, ಕೊನೆಯಲ್ಲಿ ಸ್ವಿಚ್ ಹಾಕಬೇಕು. ಬ್ಲ್ಯಾಕ್ ಮುಗಿದ ನಂತರ ಗ್ರೇ ಟ್ಯಾಂಕನ್ನು ತೆರೆದರೆ ಸ್ನಾನದ ಮತ್ತು ಪಾತ್ರೆ ತೊಳೆದ ಸೋಪಿನ ನೀರು ಪಂಪನ್ನೂ ಪೈಪನ್ನೂ ತೊಳೆದುಕೊಡುತ್ತದೆ. ಇದನ್ನು ಹಿಂದುಮುಂದು ಮಾಡಿದರೆ ಗಲೀಜು ಪೈಪಿನಲ್ಲೇ ಉಳಿಯುತ್ತದೆ. ಖಾಲಿಯಾದ ಬ್ಲ್ಯಾಕ್ ಟ್ಯಾಂಕಿಗೆ ಮೂರು ನಾಲ್ಕು ಗ್ಯಾಲನ್ ನೀರು ಹಾಕಿಯೇ ಮುಂದಿನ ಪ್ರವಾಸಕ್ಕೆ ಹೊರಡಬೇಕು. ನೀರು ಉಳಿಸುವ ಹಳ್ಳಿಯ ಬುದ್ಧಿ ನಮಗೆಲ್ಲ ಇದೆ, ಆದರೆ ಆ ಬುದ್ಧಿಯನ್ನು ಈ ಟ್ಯಾಂಕಿನ ಮೇಲೆ ತೋರಿಸಿದರೆ ತಳದಲ್ಲಿ ಗಟ್ಟಿ ಗುಡ್ಡೆ ಕಟ್ಟಿಕೊಂಡು ಯಾವ ಪಂಪೂ ಅದನ್ನು ಎಳೆಯಲಾರದು. ಕ್ಯಾಂಪಿನಲ್ಲಿ ಸೀವರ್ ಸಂಪರ್ಕ ಸಿಕ್ಕಿತೆಂದು ಬ್ಲ್ಯಾಕ್ ವಾಲ್ವನ್ನು ತೆರೆದೇ ಇಡುವವರಿಗೂ ಇದೇ ಗತಿ: ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಕಮೋಡಿನ ಕೆಳಗೆ ಗೋಪುರದಂತೆ ನಿಲ್ಲುತ್ತದೆ.

ಕುಡಿಯುವ ನೀರು ತುಂಬಿಸುವ ಪೈಪನ್ನು ಈ ಕೆಲಸಕ್ಕೆ ಎಂದೂ ಮುಟ್ಟಬೇಡಿ. ಅದು ಬಿಳಿ ಅಥವಾ ನೀಲಿ ಬಣ್ಣದ್ದಿದ್ದರೆ ಇದಕ್ಕೆ ಬೇರೆ ಬಣ್ಣದ್ದನ್ನು ಕೊಂಡು ಬೇರೆ ಡಬ್ಬಿಯಲ್ಲಿಡಿ. ಮೊದಲ ಸಲದ ಪ್ರಯೋಗವನ್ನು ಟ್ಯಾಂಕಿಗೆ ಶುದ್ಧ ನೀರು ತುಂಬಿಸಿಯೇ ಮಾಡಿ. ಏನು ಸೋರಿದರೂ ನಗಬಹುದು.

ವೋಲ್ಟಾಂಪಿಯರ್ (ಸ್ಯಾನ್ ಹೋಸೆ):

ಬಯಲುಸೀಮೆ ಅವರು ಹೇಳಿದ್ದಕ್ಕೆ ಎರಡು ಲೆಕ್ಕಗಳನ್ನು ಸೇರಿಸುತ್ತೇನೆ.

ಮೊದಲನೆಯದು ಪೈಪಿನದು. ಎಲ್ಲರೂ ಏರಿನ ಬಗ್ಗೆ ಚಿಂತಿಸುತ್ತಾರೆ, ಆದರೆ ನಿಮ್ಮ ಪಂಪಿಗೆ ಭಾರವಾಗುವುದು ಏರಲ್ಲ, ಉದ್ದ. ನಿಮಿಷಕ್ಕೆ 8 ಗ್ಯಾಲನ್ ಹರಿಯಬೇಕು ಎಂದಿಟ್ಟುಕೊಂಡು ಬರಿಯ ನೀರಿಗೇ ಲೆಕ್ಕ ಹಾಕಿದರೂ, 60 ಅಡಿ ಉದ್ದದ ಮುಕ್ಕಾಲು ಅಂಗುಲದ ಪೈಪಿನೊಳಗಿನ ಘರ್ಷಣೆಯನ್ನು ಮೀರಲು ಬೇಕಾಗುವ ಒತ್ತಡವು ನೀರನ್ನು ಸುಮಾರು 12 ರಿಂದ 13 ಅಡಿ ಮೇಲೆತ್ತುವುದಕ್ಕೆ ಸಮನಾಗುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 5/8 ಅಂಗುಲದ ಗಾರ್ಡನ್ ಹೋಸ್ ತಂದರೆ ಅದು 30 ಅಡಿ ಮೀರುತ್ತದೆ. 1 ಅಂಗುಲದ್ದನ್ನು ತಂದರೆ ಕೇವಲ 3 ಅಡಿ. ಅಂದರೆ ನಿಮ್ಮ 4 ಅಡಿ ಏರಿನ ಮಾತು ಹಾಗಿರಲಿ, ಪೈಪಿನ ಆಯ್ಕೆಯೊಂದರಿಂದಲೇ ಪಂಪಿನ ಕೆಲಸ ಹತ್ತು ಪಟ್ಟು ಹೆಚ್ಚೂಕಡಿಮೆಯಾಗುತ್ತದೆ. 1 ಅಂಗುಲದ್ದನ್ನೇ ಕೊಳ್ಳಿ. ಇನ್ನು ಪೈಪಿನ ತುದಿಗೆ ನೀರು ಚಿಮ್ಮಿಸುವ ನಾಜಲ್ ಹಾಕಬೇಡಿ. ಬಾಯಿ ಮುಚ್ಚಿದ ಪೈಪಿನೊಳಕ್ಕೆ ಪಂಪ್ ತಳ್ಳಿದರೆ ಯಾವುದಾದರೊಂದು ಕೀಲು ಕಿತ್ತುಬರುತ್ತದೆ.

ಎರಡನೆಯದು ವಿದ್ಯುತ್ತಿನದು. ಇಂತಹ ಪಂಪು ಓಡುವಾಗ ಸುಮಾರು 15 ಆಂಪಿಯರ್ ಎಳೆಯುತ್ತದೆ. 40 ಗ್ಯಾಲನ್ ಖಾಲಿಯಾಗಲು ಐದು ನಿಮಿಷ ಹಿಡಿದರೆ ಬ್ಯಾಟರಿಯಿಂದ ಖರ್ಚಾಗುವುದು ಒಂದೂಕಾಲು ಆಂಪಿಯರ್ ಅವರ್ ಅಷ್ಟೇ, ಆದ್ದರಿಂದ ಬ್ಯಾಟರಿಯ ಚಿಂತೆ ಬೇಡ. ಚಿಂತಿಸಬೇಕಾದದ್ದು ವೈರಿನ ಬಗ್ಗೆ. ಮನೆಯಲ್ಲಿ ಬಿದ್ದಿರುವ 16 ಗೇಜಿನ ಸಣ್ಣ ವೈರನ್ನು 25 ಅಡಿ ಎಳೆದರೆ, ಹೋಗಿ ಬರುವ ದಾರಿ ಸೇರಿ 50 ಅಡಿಯಾಗಿ, 15 ಆಂಪಿಯರಿಗೆ ಸುಮಾರು 3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಪಂಪಿಗೆ ಉಳಿಯುವುದು ಒಂಬತ್ತೂವರೆ ವೋಲ್ಟ್. ಅಷ್ಟರಲ್ಲಿ ಮೋಟರ್ ತಿಣುಕುತ್ತದೆ, ಬಿಸಿಯಾಗುತ್ತದೆ, ಸ್ವಲ್ಪ ದಪ್ಪ ಪದಾರ್ಥ ಸಿಕ್ಕಿದರೂ ನಿಲ್ಲುತ್ತದೆ. ಜನ ಪಂಪನ್ನು ಬೈಯುತ್ತಾರೆ. ಅದೇ ದೂರಕ್ಕೆ 10 ಗೇಜಿನ ದಪ್ಪ ವೈರ್ ಹಾಕಿದರೆ ನಷ್ಟ ಮುಕ್ಕಾಲು ವೋಲ್ಟ್ ಮಾತ್ರ. ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿನ ಹತ್ತಿರವೇ 20 ಆಂಪಿಯರ್ ಫ್ಯೂಸ್ ಇರಲಿ. ಸ್ವಿಚ್ಚು ಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಓಡಿಸುವಂಥದ್ದಾಗಿರಲಿ. ಆಗ ಪಕ್ಕದ ಗಾಡಿಯವರು ಕರೆದರೂ ಇಂಪೆಲ್ಲರ್ ಉಳಿಯುತ್ತದೆ.

ದಾರಿಹೋಕ (ಸ್ಪೋಕೇನ್):

ನೀವು ವಾಷಿಂಗ್ಟನ್ ರಾಜ್ಯದಲ್ಲಿದ್ದೀರಿ. ಇಲ್ಲಿ ಮೋಟರ್‌ಹೋಮ್ ನೋಂದಣಿಯ ಜೊತೆ ಪ್ರತಿ ವರ್ಷ ಕೊಳಚೆ ವಿಲೇವಾರಿ ಶುಲ್ಕವನ್ನು ನಿಮ್ಮಿಂದ ವಸೂಲು ಮಾಡುತ್ತಾರೆ. ಹೆದ್ದಾರಿಯ ಪಕ್ಕದ ಹಲವು ರೆಸ್ಟ್ ಏರಿಯಾಗಳಲ್ಲಿ ಉಚಿತ ಡಂಪ್ ಸ್ಟೇಷನ್ ನಡೆಯುವುದು ಆ ಹಣದಿಂದ. ಕ್ಯಾಂಪಿನ ಬಾಗಿಲಲ್ಲಿ ಸರದಿ ನಿಲ್ಲುವ ಬದಲು ಅಲ್ಲಿ ಸುರಿದು ಬಂದರೆ ಪಂಪೂ ಬೇಡ, ವೈರೂ ಬೇಡ. 3 ಅಂಗುಲದ ಪೈಪಿನಲ್ಲಿ ಎರಡು ಮೂರು ನಿಮಿಷದ ಕೆಲಸ. ಕೊಟ್ಟ ದುಡ್ಡನ್ನು ಏಕೆ ಬಿಡುತ್ತೀರಿ?

ತುಂಗಾತೀರ (ಮಿನ್ನೆಸೋಟ):

ದಾರಿಹೋಕರ ಮಾತು ದಾರಿಯಲ್ಲಿರುವವರಿಗೆ ಸರಿ, ಆದರೆ ಅತ್ತೆ ಮಾವ ಜೊತೆಗಿದ್ದರೆ ರೆಸ್ಟ್ ಏರಿಯಾದಿಂದ ಮನೆಗೆ ಬರುವಷ್ಟರಲ್ಲೂ ಟ್ಯಾಂಕ್ ಸ್ವಲ್ಪ ತುಂಬಿಯೇ ಇರುತ್ತದೆ. ಮನೆಯಲ್ಲೊಂದು ವ್ಯವಸ್ಥೆ ಬೇಕೆನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ.

ಪಂಪ್ ಕಟ್ಟಿಕೊಳ್ಳುವುದಕ್ಕೆ ನಾನು ಕಂಡ ಮುಖ್ಯ ಕಾರಣ ವೆಟ್ ವೈಪ್ಸ್. ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿದ್ದರೂ ಅವು ಕಾಗದದಂತೆ ನೀರಿನಲ್ಲಿ ಬಿಡಿಸಿಕೊಳ್ಳುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಪಂಪ್ ಝೇಂಕರಿಸಿ ನಿಂತಾಗ ಯಜಮಾನರೂ ನಾನೂ ಎರಡೆರಡು ಜೊತೆ ಗ್ಲೌಸ್ ಹಾಕಿಕೊಂಡು ಅದರ ಮುಂಭಾಗದ ಸ್ಕ್ರೂಗಳನ್ನು ಬಿಚ್ಚಿದೆವು. ಒಂದೇ ಒಂದು ವೈಪ್, ದೀಪಕ್ಕೆ ಬತ್ತಿ ಹೊಸೆದಂತೆ, ಶಾಫ್ಟಿನ ಸುತ್ತ ಬಿಗಿಯಾಗಿ ಸುತ್ತಿಕೊಂಡಿತ್ತು. ಅದನ್ನು ಬ್ಲೇಡಿನಿಂದ ಕುಯ್ದು ಎಳೆಎಳೆಯಾಗಿ ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು. ಹಲ್ಲಿಗೆ ಬಳಸುವ ಫ್ಲಾಸ್, ಉದ್ದ ಕೂದಲು, ಸ್ಯಾನಿಟರಿ ಪ್ಯಾಡ್, ಇವೂ ಅದೇ ಗುಂಪಿನವು. ಗಾಡಿಯ ಶೌಚಾಲಯದಲ್ಲಿ ಮುಚ್ಚಳದ ಡಬ್ಬಿಯೊಂದನ್ನು ಇಟ್ಟು, ಕಾಗದ ಬಿಟ್ಟು ಉಳಿದದ್ದೆಲ್ಲ ಅದರಲ್ಲಿಯೇ ಹಾಕಬೇಕೆಂದು ಮಕ್ಕಳಿಗೂ ಹಿರಿಯರಿಗೂ ಬಿಡಿಸಿ ಹೇಳಬೇಕು. ಹಿರಿಯರಿಗೆ ಹೇಳುವುದು ಸಂಕೋಚದ ವಿಷಯವೆಂದು ನಾನು ಮೊದಲು ಬಾಯಿ ಬಿಡಲಿಲ್ಲ. ಆ ಮುಕ್ಕಾಲು ಗಂಟೆಯ ನಂತರ ಸಂಕೋಚ ಹೋಯಿತು. ಕಾಗದವನ್ನೂ ಪರೀಕ್ಷಿಸಿಕೊಳ್ಳಿ: ನೀರು ತುಂಬಿದ ಬಾಟಲಿಯಲ್ಲಿ ಒಂದು ಹಾಳೆ ಹಾಕಿ ಕುಲುಕಿದರೆ ಅದು ಚೂರುಚೂರಾಗಬೇಕು. ಹಾಳೆ ಹಾಳೆಯಾಗಿಯೇ ಉಳಿದರೆ ಅದು ಮನೆಯ ಬಚ್ಚಲಿಗೆ ಇರಲಿ. ಹಲವು ದಿನ ಬಳಸದೆ ಬಿಟ್ಟ ಪಂಪ್ ಅಂಟಿಕೊಂಡು ತಿರುಗದಿದ್ದರೆ ಮೊದಲು ಮೋಟರಿನ ಹಿಂಬದಿ ನೋಡಿ. ಕೆಲವು ಪಂಪುಗಳಲ್ಲಿ ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಶಾಫ್ಟನ್ನು ಕೈಯಲ್ಲೇ ತಿರುಗಿಸಲು ಒಂದು ಗೀರು ಇರುತ್ತದೆ.

ಚಳಿಗಾಲಕ್ಕೆ ಮುಂಚೆ ಪಂಪಿನಲ್ಲಿ ನೀರು ಉಳಿಯಬಾರದು. ಹೆಪ್ಪುಗಟ್ಟಿದರೆ ಅದರ ಒಡಲು ಸೀಳುತ್ತದೆ. ಮೋಟರ್‌ಹೋಮಿಗೆಂದೇ ಸಿಗುವ ಗುಲಾಬಿ ಬಣ್ಣದ ಆಂಟಿಫ್ರೀಜನ್ನು ಸ್ವಲ್ಪ ಎಳೆಸಿ ಇಡಿ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳುತ್ತೇನೆ. ನಿಮ್ಮ ಮನೆಗೆ ಊರಿನ ಸೀವರ್ ಸಂಪರ್ಕವಿದೆಯೇ, ಅಥವಾ ಸೆಪ್ಟಿಕ್ ಟ್ಯಾಂಕ್ ಇದೆಯೇ? ಮನೆಯಿಂದ ದೂರದಲ್ಲಿ, ಮನೆಗಿಂತ ಎತ್ತರದಲ್ಲಿ, ಹುಲ್ಲಿನ ನಡುವೆ ಬಿಳಿ ಪೈಪ್ ಇದೆ ಎಂದಿರಿ. ಮನೆಯ ಕೊಳಚೆ ತಾನಾಗಿ ಏರು ಹತ್ತಿ ಅಲ್ಲಿಗೆ ಹೋಗುವುದಿಲ್ಲವಲ್ಲ. ಸೆಪ್ಟಿಕ್ ಇರುವ ಮನೆಗಳಲ್ಲಿ, ಟ್ಯಾಂಕಿನಲ್ಲಿ ತಿಳಿಯಾದ ನೀರು ಮಣ್ಣಿಗೆ ಇಂಗುವ ಡ್ರೈನ್ ಫೀಲ್ಡಿನ ಮೇಲೆ ತಪಾಸಣೆಗೆಂದು ಇಂತಹದೇ ಬಿಳಿ ಪೈಪುಗಳನ್ನು ನೆಟ್ಟಿರುತ್ತಾರೆ. ಮುಚ್ಚಳ ನೋಡಿದರೆ ಕ್ಲೀನ್‌ಔಟಿನಂತೆಯೇ ಕಾಣುತ್ತದೆ. ಅದಕ್ಕೆ ಬ್ಲ್ಯಾಕ್ ಟ್ಯಾಂಕ್ ಸುರಿದರೆ ಗಟ್ಟಿ ಪದಾರ್ಥ ನೇರವಾಗಿ ಜಲ್ಲಿಯೊಳಗೆ ಇಳಿದು ಇಂಗುವ ರಂಧ್ರಗಳನ್ನು ಮುಚ್ಚುತ್ತದೆ. ಡ್ರೈನ್ ಫೀಲ್ಡನ್ನು ಹೊಸದಾಗಿ ಹಾಕಿಸುವ ಖರ್ಚಿನ ಮುಂದೆ ಪಂಪಿನ ಬೆಲೆ ಚಿಲ್ಲರೆ ಕಾಸು. ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ನಿಮ್ಮ ಮನೆಯ ಸೆಪ್ಟಿಕ್ ನಕ್ಷೆ, ಅವರು ಆ್ಯಸ್‌ಬಿಲ್ಟ್ ಎನ್ನುವುದು, ಇರಬೇಕು. ಅದನ್ನು ನೋಡುವವರೆಗೆ ಆ ಮುಚ್ಚಳವನ್ನು ತೆರೆಯಬೇಡಿ.

ಹಾಸನದ ಅಲೆಮಾರಿ:

ತುಂಗಾತೀರ ಅವರೇ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ನಮ್ಮದು ಸೆಪ್ಟಿಕ್. ನಕ್ಷೆ ಕೌಂಟಿಯ ವೆಬ್‌ಸೈಟಿನಲ್ಲೇ ಸಿಕ್ಕಿತು. ಸೆಪ್ಟಿಕ್ ಟ್ಯಾಂಕ್ 1,000 ಗ್ಯಾಲನ್‌ನದು. ಅದರ ಪಕ್ಕದಲ್ಲಿ ಪಂಪಿನ ಕೋಣೆಯಿದ್ದು, ಅಲ್ಲಿಂದ ತಿಳಿನೀರನ್ನು ಹಿತ್ತಲಿನ ಮೇಲ್ಭಾಗದ ಡ್ರೈನ್ ಫೀಲ್ಡಿಗೆ ಎತ್ತುತ್ತಾರೆ. ನಾನು ಕ್ಲೀನ್‌ಔಟ್ ಎಂದುಕೊಂಡಿದ್ದ ಬಿಳಿ ಪೈಪು ಸರಿಯಾಗಿ ಆ ಡ್ರೈನ್ ಫೀಲ್ಡಿನ ತುದಿಯಲ್ಲಿದೆ. ಮೂರು ವರ್ಷದಿಂದ ಅದರ ಸುತ್ತ ಹುಲ್ಲು ಕತ್ತರಿಸುತ್ತಿದ್ದೇನೆ, ಒಮ್ಮೆಯೂ ಅದೇನೆಂದು ಕೇಳಿಕೊಂಡಿರಲಿಲ್ಲ.

ನಿಜವಾದ ಕ್ಲೀನ್‌ಔಟ್ ಮನೆಗೂ ಟ್ಯಾಂಕಿಗೂ ನಡುವೆ, ಗೋಡೆಯ ಹತ್ತಿರದ ರೋಡೋಡೆಂಡ್ರನ್ ಪೊದೆಯ ಬುಡದಲ್ಲಿ, ಎಲೆಗೊಬ್ಬರದ ಕೆಳಗೆ ಹೂತುಹೋಗಿತ್ತು. ಗಾಡಿಯಿಂದ 30 ಅಡಿ ದೂರ. ಅದರ ಬಾಯಿ ಗಾಡಿ ನಿಲ್ಲುವ ನೆಲಕ್ಕಿಂತ ಎರಡಡಿ ಎತ್ತರದಲ್ಲಿದೆ, ಗಾಡಿಯ ಹೊರಪೈಪು ಒಂದಡಿ ಎತ್ತರದಲ್ಲಿದೆ. ಆದ್ದರಿಂದ ಪಂಪ್ ಇಲ್ಲದೆ ಆಗುವುದಿಲ್ಲ. ಇನ್ನೊಂದು ಅನುಮಾನ: ಇಷ್ಟು ನುಣ್ಣಗೆ ರುಬ್ಬಿದ್ದನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬಹುದೇ?

ತುಂಗಾತೀರ:

ಮಿತವಾಗಿ ಬಿಡಬಹುದು, ಆದರೆ ಮೊದಲು ಇಲಾಖೆಯವರನ್ನು ಕೇಳಿ. ನಿಯಮ ಊರಿಂದೂರಿಗೆ ಬದಲಾಗುತ್ತದೆ. ನುಣ್ಣಗಾದ ಪದಾರ್ಥ ತಳಕ್ಕೆ ಇಳಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಹೆಚ್ಚು ನೀರು ನುಗ್ಗಿದರೆ ಅದು ಡ್ರೈನ್ ಫೀಲ್ಡಿನ ಕಡೆಗೆ ತೇಲಿಹೋಗುವ ಅಪಾಯವಿದೆ. ಆದ್ದರಿಂದ ಬ್ಲ್ಯಾಕ್ ಟ್ಯಾಂಕ್ ಸುರಿಯುವ ದಿನ ಮನೆಯಲ್ಲಿ ವಾಷಿಂಗ್ ಮಷಿನ್ ಹಾಕಬೇಡಿ, ಗ್ರೇ ಟ್ಯಾಂಕಿನಿಂದ ಪೈಪ್ ತೊಳೆಯಲು ಬೇಕಾದಷ್ಟನ್ನು ಮಾತ್ರ ಬಿಡಿ, ಉಳಿದದ್ದನ್ನು ಎರಡು ದಿನ ಬಿಟ್ಟು ಸುರಿಯಿರಿ. ವಾಸನೆಗೆಂದು ಫಾರ್ಮಾಲ್ಡಿಹೈಡ್ ಇರುವ ಔಷಧಿ ಹಾಕುತ್ತಿದ್ದರೆ ನಿಲ್ಲಿಸಿ. ಸೆಪ್ಟಿಕ್ ಟ್ಯಾಂಕನ್ನು ನಡೆಸುವುದೇ ಬ್ಯಾಕ್ಟೀರಿಯಾ. ಆ ಔಷಧಿ ಅವುಗಳನ್ನೇ ಕೊಲ್ಲುತ್ತದೆ. ಕಿಣ್ವದ ಪುಡಿ ಸಾಕು.

ಹಾಸನದ ಅಲೆಮಾರಿ:

ಮೂರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಇಲಾಖೆಗೆ ಫೋನ್ ಮಾಡಿ ಕೇಳಿಕೊಂಡ ನಂತರವೇ ಪಂಪ್ ತರಿಸಿದೆ. 1 ಅಂಗುಲದ 35 ಅಡಿ ಪೈಪು, 10 ಗೇಜಿನ ವೈರು, 20 ಆಂಪಿಯರ್ ಫ್ಯೂಸು, ಒತ್ತಿ ಹಿಡಿಯುವ ಸ್ವಿಚ್ಚು, ಪಾರದರ್ಶಕ ಎಲ್ಬೋ, ಎಲ್ಲವೂ ನೀವು ಹೇಳಿದಂತೆ.

ಮೊದಲ ಪ್ರಯೋಗ 20 ಗ್ಯಾಲನ್ ಶುದ್ಧ ನೀರಿನಿಂದ. ಪೈಪಿನ ತುದಿಯನ್ನು ಕ್ಲೀನ್‌ಔಟಿನೊಳಕ್ಕೆ ಒಂದಡಿ ತೂರಿಸಿ, ಮೇಲೊಂದು ಇಟ್ಟಿಗೆ ಇಟ್ಟಿದ್ದೆ. ಭದ್ರಪಡಿಸುವುದೆಂದರೆ ಅಷ್ಟೇ ಎಂದುಕೊಂಡಿದ್ದೆ. ಸ್ವಿಚ್ ಒತ್ತಿದ ಎರಡನೆಯ ಸೆಕೆಂಡಿಗೆ ಪೈಪು ಹೆಡೆ ಎತ್ತಿ ಇಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ, ಪೊದೆಯ ಮೇಲೂ, ಗೋಡೆಯ ಮೇಲೂ, ನೋಡಲೆಂದು ಕಾಫಿ ಲೋಟ ಹಿಡಿದು ನಿಂತಿದ್ದ ನಮ್ಮ ಮಾವನವರ ಮೇಲೂ ನೀರೆರಚಿತು. ಬೆರಳು ತೆಗೆದ ಕೂಡಲೇ ಪಂಪ್ ನಿಂತದ್ದರಿಂದ ಅಷ್ಟಕ್ಕೇ ಮುಗಿಯಿತು. "ಇದು ಬರೀ ನೀರು ತಾನೇ?" ಎಂದು ಅವರು ಮೂರು ಸಲ ಕೇಳಿದರು.

ಈಗ ಕ್ಲೀನ್‌ಔಟಿನ ಬಾಯಿಗೆ ತಿರುಚಿ ಕೂರಿಸುವ ಅಡಾಪ್ಟರ್ ತಂದು ಪೈಪನ್ನು ಕ್ಲಾಂಪಿನಿಂದ ಬಿಗಿದಿದ್ದೇನೆ. ಕಳೆದ ಶನಿವಾರ ನಿಜವಾದ ಟ್ಯಾಂಕು ಖಾಲಿಯಾಯಿತು. ಐದು ನಿಮಿಷ ಕಳೆದು ಕೆಲವು ಸೆಕೆಂಡಿಗೆ ಆ ಕೀರಲು ದನಿ ಕೇಳಿಸಿತು. ಮಾವನವರು ಈ ಸಲ ಕಿಟಕಿಯ ಒಳಗಿನಿಂದಲೇ ನೋಡಿದರು.